ಗೆರೆಯ ಹಿಂದಿನ ಅಂಚು

ಆಗಸ್ಟ್ 27, ಮಂಗಳವಾರ

ಕೂಗಬೇಕು ಅನ್ನಿಸಿದಾಗಲೆಲ್ಲ ಕೂಗುವ ಬದಲು ಬರೆಯಿರಿ ಎಂದು ಡಾಕ್ಟರ್ ಹೇಳಿದ್ದಾರೆ. ಬಿಪಿ ನೂರ ಅರವತ್ತೆರಡು. ಹೆಂಡತಿ ಅರ್ಲೀನ್ ಅಂಗಡಿಯಿಂದ ಈ ನೋಟ್‌ಬುಕ್ ತಂದುಕೊಟ್ಟಳು. ರಟ್ಟಿನ ಮೇಲೆ ಬೆಕ್ಕಿನ ಮರಿಯ ಚಿತ್ರ. "ಬೇರೆ ಇರಲಿಲ್ವಾ?" ಅಂದೆ. "ಇತ್ತು. ಆದ್ರೆ ನಿನ್ನ ಬೈಗುಳ ಓದೋಕೆ ಬೆಕ್ಕಾದ್ರೂ ಬೇಕಲ್ಲ" ಅಂದಳು. ಐವತ್ತು ವರ್ಷದಿಂದ ಇವಳ ನಾಲಿಗೆಗೆ ಮುಪ್ಪು ಬಂದಿಲ್ಲ.

ಮೊದಲ ಸಿಟ್ಟು. ನಮ್ಮ ಶಾಲೆಯ ಫುಟ್‌ಬಾಲ್ ತಂಡಕ್ಕೆ ಓಮಾಹಾದಿಂದ ಬಂದ ಆ ಹೊಸ ಕೋಚ್, ಇಪ್ಪತ್ತೆಂಟು ವರ್ಷದ ಹ್ಯಾಲೊರನ್, ಹದಿನೈದು ವರ್ಷದ ಹುಡುಗನೊಬ್ಬನನ್ನು ಕ್ವಾರ್ಟರ್‌ಬ್ಯಾಕ್ ಮಾಡಿದ್ದಾನೆ. ಪ್ರತಿ ಯತ್ನದಲ್ಲೂ ಚೆಂಡು ಮೊದಲು ಬರುವುದು ಯಾರ ಕೈಗೋ, ಇಡೀ ತಂಡ ಯಾರ ಮುಖ ನೋಡಿ ಓಡುತ್ತದೋ, ಅಂಥ ಜಾಗಕ್ಕೆ ಮೀಸೆ ಮೂಡದ ಹುಡುಗ! ಮಾಂಸದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಟ್ರೆಹೋ ಎಂಬವನ ಮಗನಂತೆ. ನನ್ನ ಗೆಳೆಯ ಡೆಲ್ಮರ್ ಶುಲ್ಟೆಯ ಮೊಮ್ಮಗ ಕೈಲ್‌ಗೆ ಇದು ಶಾಲೆಯ ಕೊನೆಯ ವರ್ಷ. ಮೂರು ವರ್ಷ ತನ್ನ ಸರದಿಗಾಗಿ ಕಾದವನು ಈಗ ಬೆಂಚಿನ ಮೇಲೆ ಕೂತು ನೀರು ಕುಡಿಯಬೇಕು.

ಡೆಲ್ಮರ್ ಬೆಳಗ್ಗೆಯೇ ಬಂದಿದ್ದ. "ವರ್ನ್, ಆ ಬೋರ್ಡು ಇನ್ನೂ ನಿನ್ನ ಗ್ಯಾರೇಜಲ್ಲೇ ಇದೆಯಲ್ವೇನೋ?" ಎಂದು ಕೇಳಿದ. ಇದೆ. "ಈ ಮನೆ ಮಾರಾಟಕ್ಕಿದೆ." ತಂಡ ಕೆಟ್ಟದಾಗಿ ಸೋತಾಗಲೆಲ್ಲ ಕೋಚ್ ಮನೆಯ ಮುಂದಿನ ಹುಲ್ಲಿನಲ್ಲಿ ನೆಡಲು ಡೆಲ್‌ಬ್ರೂಕ್ ಊರಿಗೆ ಅದೊಂದೇ ಬೋರ್ಡು. ಈವರೆಗೆ ಆರು ಕೋಚ್‌ಗಳನ್ನು ನೋಡಿದೆ.

ಆಗಸ್ಟ್ 31, ಶನಿವಾರ

ನಿನ್ನೆ ಮೊದಲ ಪಂದ್ಯ. 34–6. ಸೋತಿದ್ದು ನಾವೇ ಎಂದು ಬೇರೆ ಬರೆಯಬೇಕೆ?

ಹುಡುಗ ಮೂರು ಸಲ ಚೆಂಡು ಕೈಬಿಟ್ಟ. ಒಂದು ಸಲ ನೇರವಾಗಿ ಎದುರಾಳಿಯ ಎದೆಗೇ ಎಸೆದುಕೊಟ್ಟ, ಹಬ್ಬದ ಉಡುಗೊರೆ ಕೊಟ್ಟಹಾಗೆ. ಪ್ರತಿ ಸಲವೂ ಕೋಚ್ ಅವನ ಹೆಲ್ಮೆಟ್ ಹಿಡಿದು ಏನೋ ಎರಡು ಮಾತು ಹೇಳಿ ಮತ್ತೆ ಒಳಗೆ ಕಳಿಸಿದ. ಬೈಯಲೇ ಇಲ್ಲ. ಬೈಯದ ಕೋಚ್ ಉಪ್ಪಿಲ್ಲದ ಸಾರು.

ಒಂದು ಮಾತು ಮಾತ್ರ, ಡೆಲ್ಮರ್‌ಗೆ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ನಾನು ಮೈದಾನದ ಅಂಚಿನಲ್ಲೇ ನಿಲ್ಲುವವನು. ಮೂವತ್ತೊಂದು ವರ್ಷದಿಂದ ಹತ್ತು ಗಜ ಅಳೆಯುವ ಸರಪಳಿ ನಮ್ಮದು. ಡೆಲ್ಮರ್ ಮುಂದಿನ ಕೋಲು ಹಿಡಿಯುತ್ತಾನೆ, ಇನ್ನೊಬ್ಬ ಹಿಂದಿನದು, ನಡುವೆ ಸರಪಳಿಗೆ ಕಚ್ಚಿಸುವ ಕ್ಲಿಪ್ ನನ್ನದು. ಪಂದ್ಯದ ಮೂರನೆಯ ಕಾಲು ಭಾಗದಲ್ಲಿ ಹುಡುಗ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬಲಕ್ಕೆ ಓಡುತ್ತಲೇ, ಎಡಕ್ಕೆ ಎಸೆದ. ಚೆಂಡು ಸದ್ದು ಮಾಡಿತು. ಬಿಗಿಯಾಗಿ ಕಟ್ಟಿದ ತಂತಿಯನ್ನು ಗಾಳಿ ಮೀಟಿದರೆ ಬರುವ ಸದ್ದು. ಐವತ್ತು ಗಜ ಹೋಗಿ, ಓಡುತ್ತಿದ್ದ ನಮ್ಮವನೊಬ್ಬನ ಎರಡು ಅಂಗೈಗಳ ಮೇಲೆ ಕೂತಿತು. ಅವನು ಬಿಟ್ಟುಬಿಟ್ಟ. ಜನ ಹುಡುಗನಿಗೇ ಬೈದರು.

ನಾನೂ ಬೈದೆ. ಆದರೆ ಆ ಸದ್ದು ಇನ್ನೂ ಕಿವಿಯಲ್ಲಿದೆ.

ಸೆಪ್ಟೆಂಬರ್ 8, ಭಾನುವಾರ

ಶುಕ್ರವಾರ ಮತ್ತೆ ಸೋಲು, 28–10. ಶನಿವಾರ ಬೆಳಗ್ಗೆ ಡೆಲ್ಮರ್ ಮತ್ತು ನಾನು ಹೋಗಿ ಬೋರ್ಡು ನೆಟ್ಟು ಬಂದೆವು. ಗಾಳಿ ಜೋರಿತ್ತು, ವಾಲುತ್ತಿತ್ತು.

ಇವತ್ತು ಚರ್ಚಿನಿಂದ ಬಂದರೆ ಬೋರ್ಡು ನಮ್ಮ ಬಾಗಿಲಿಗೆ ಒರಗಿದೆ. ಒರೆಸಿ ಹೊಳೆಯುವಂತೆ ಮಾಡಿದ್ದಾರೆ. ಕೆಳಗಿನ ಗೂಟವನ್ನು ಚೂಪಾಗಿ ಕೆತ್ತಿದ್ದಾರೆ. ಒಂದು ಚೀಟಿ: "ವರ್ನನ್ ಅವರೇ, ಗೂಟ ಮೊಂಡಾಗಿತ್ತು, ನೆಲಕ್ಕೆ ಸರಿಯಾಗಿ ಇಳಿದಿರಲಿಲ್ಲ. ಈಗ ನಿಲ್ಲುತ್ತೆ. — ವೆಸ್ ಹ್ಯಾಲೊರನ್."

ಅರ್ಲೀನ್ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು. "ಪರ್ವಾಗಿಲ್ಲ ಕಣೋ, ಈ ಹುಡುಗ ನಿನಗೇ ಗೂಟ ಇಟ್ಟ!"

ನನಗೆ ನಗು ಬರಲಿಲ್ಲ. ಬಹಳ ಬರಲಿಲ್ಲ.

ಸೆಪ್ಟೆಂಬರ್ 14, ಶನಿವಾರ

ಬಿಪಿ ನೋಡಿಕೊಂಡಿಲ್ಲ. ನೋಡಿಕೊಳ್ಳುವುದೂ ಇಲ್ಲ.

ಆಲ್ಡೆನ್ ಊರಿನ ವಿರುದ್ಧ! ಹನ್ನೊಂದು ವರ್ಷದಿಂದ ಅವರನ್ನು ಸೋಲಿಸಿಲ್ಲ. ನಿನ್ನೆ ಎರಡು ನಿಮಿಷ ಉಳಿದಿದ್ದಾಗ 20–15, ನಾವು ಮುಂದೆ. ಮಳೆ ಹನಿಯುತ್ತಿತ್ತು. ಚೆಂಡು ನಮ್ಮದು. ಸರಪಳಿಯ ಹಿಂದಿನ ಕೋಲು ಮೂವತ್ತೆರಡನೇ ಗಜದಲ್ಲಿ, ಮುಂದಿನದು ನಲವತ್ತೆರಡರಲ್ಲಿ. ನಾಲ್ಕು ಯತ್ನದಲ್ಲಿ ಹತ್ತು ಗಜ ದಾಟಬೇಕು, ದಾಟದಿದ್ದರೆ ಚೆಂಡು ಅವರ ಪಾಲು. ಇಷ್ಟೇ ಈ ಆಟ. ಮೂರು ಯತ್ನ ಮುಗಿದು ಅರ್ಧ ಗಜ ಬಾಕಿ. ಬುದ್ಧಿಯಿರುವ ಯಾವ ಕೋಚ್ ಆದರೂ ಚೆಂಡನ್ನು ದೂರಕ್ಕೆ ಒದ್ದು ಕಳಿಸುತ್ತಾನೆ, ಅವರು ಅಲ್ಲಿಂದ ತೆವಳಿಕೊಂಡು ಬರಲಿ ಎಂದು. ಈತ ಏನು ಮಾಡಿದ? ಹುಡುಗನನ್ನೇ ಚೆಂಡು ಹಿಡಿದು ನುಗ್ಗು ಅಂದ.

ನುಗ್ಗಿದ. ಇಪ್ಪತ್ತೆರಡು ಜನರ ರಾಶಿ. ರಾಶಿ ಬಿಡಿಸಿದ ಮೇಲೆ ಅಂಪೈರ್ ಸರಪಳಿ ತರಲು ಕೈ ಮಾಡಿದ. ನಾನು ಕ್ಲಿಪ್ ಹಿಡಿದು ಮೂವತ್ತೈದರ ಗೆರೆಗೆ ಹೋದೆ. ಕೋಲು ನೆಟ್ಟಾಗ ಹತ್ತಿರದ ಬಿಳಿ ಗೆರೆಗೆ ಸರಿಯಾಗಿ ಸರಪಳಿಗೆ ಕ್ಲಿಪ್ ಕಚ್ಚಿಸಿರುತ್ತೇನೆ, ಅಳೆಯುವಾಗ ಅದನ್ನು ಅದೇ ಗೆರೆಯ ಮೇಲಿಟ್ಟರೆ ಸರಪಳಿ ಮೊದಲಿನ ಜಾಗಕ್ಕೇ ಬರುತ್ತದೆ. ಪದ್ಧತಿ ಎಂದರೆ ಪದ್ಧತಿ: ಕ್ಲಿಪ್ ಕಚ್ಚಿಸುವಾಗಲೂ ಗೆರೆಯ ಹಿಂದಿನ ಅಂಚು, ಅಳೆಯುವಾಗಲೂ ಗೆರೆಯ ಹಿಂದಿನ ಅಂಚು. ನಿದ್ದೆಯಲ್ಲೂ ಮಾಡಬಲ್ಲೆ. ಬಗ್ಗಿ ಕ್ಲಿಪ್ ಇಡುವಾಗಲೂ ನಾನು ಆ ಕೋಚ್‌ನ ಮುಖವನ್ನೇ ದುರುಗುಟ್ಟಿ ನೋಡುತ್ತಿದ್ದೆ. ಬಾಯಲ್ಲಿ ಅವನಿಗೆ ಸಹಸ್ರನಾಮ ನಡೆದಿತ್ತು.

ಡೆಲ್ಮರ್ ಸರಪಳಿ ಎಳೆದು ಕೋಲು ನೆಟ್ಟ. ಎರಡು ಇಂಚು ಕಡಿಮೆ. ಎರಡೇ ಬೆರಳು! ಚೆಂಡು ಆಲ್ಡೆನ್‌ಗೆ ಹೋಯಿತು. ಒಂದೂವರೆ ನಿಮಿಷದಲ್ಲಿ ಅವರು ಟಚ್‌ಡೌನ್ ಹೊಡೆದರು. 22–20.

ಹುಡುಗ ಅಳತೆ ಮುಗಿದ ಮೇಲೆ ಒಂದು ಗಳಿಗೆ ಸರಪಳಿಯ ಬಳಿಯೇ ನಿಂತಿದ್ದ. ನನ್ನ ಕಡೆ ನೋಡಿದ. ಆಮೇಲೆ ಚೆಂಡನ್ನು ಎತ್ತಿ, ಒರೆಸಿ, ಅಂಪೈರ್‌ನ ಕೈಗೆ ಕೊಟ್ಟು ಹೋದ. ಎಸೆಯಲಿಲ್ಲ, ಒದೆಯಲಿಲ್ಲ, ಅಳಲಿಲ್ಲ. ಆ ವಯಸ್ಸಿನಲ್ಲಿ ನಾನಾಗಿದ್ದರೆ ಹೆಲ್ಮೆಟ್ ಪಕ್ಕದ ಜಿಲ್ಲೆಗೆ ಹೋಗಿ ಬೀಳುತ್ತಿತ್ತು.

ಸೆಪ್ಟೆಂಬರ್ 16, ಸೋಮವಾರ

ಸೋಮವಾರ ಸಂಜೆ ಶಾಲೆಯ ಊಟದ ಮನೆಯಲ್ಲಿ ಕೋಚ್ ಪಂದ್ಯದ ಫಿಲ್ಮ್ ತೋರಿಸಬೇಕು, ಊರವರು ಕಾಫಿ ಕುಡಿಯುತ್ತ ಪ್ರಶ್ನೆ ಕೇಳಬೇಕು. ಸೋತ ವಾರ ಕಾಫಿ ಸಾಲುವುದಿಲ್ಲ. ಇವತ್ತು ನಿಲ್ಲಲೂ ಜಾಗವಿರಲಿಲ್ಲ.

ಆ ಅಳತೆ ಬರುವ ಹೊತ್ತಿಗೆ ಕೋಚ್ ಗುಂಡಿ ಒತ್ತಿ ಮುಂದಕ್ಕೆ ಹಾರಿಸಿಬಿಟ್ಟ.

"ಅದನ್ನ್ಯಾಕೆ ಹಾರಿಸ್ತೀಯಪ್ಪಾ? ನಾಚಿಕೆಯಾಗುತ್ತಾ?" ಎಂದ ಡೆಲ್ಮರ್. ಜನ ನಕ್ಕರು.

"ಅದರಲ್ಲಿ ಹುಡುಗರು ಕಲಿಯೋದು ಏನೂ ಇಲ್ಲ ಸರ್. ನುಗ್ಗು ಅಂದಿದ್ದು ನಾನು. ತಪ್ಪು ಅಂದ್ರೆ ನನ್ನದು."

"ಒದಿಯೋದು ಬಿಟ್ಟು ಎರಡು ಇಂಚಿಗೆ ಊರಿನ ಮಾನ ಅಡ ಇಟ್ಟೆಯಲ್ಲಯ್ಯಾ!" ಎಂದು ನಾನೂ ಎದ್ದು ನಿಂತು ಹೇಳಿದೆ.

ಅವನು ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ ಅನ್ನಿಸಿತು. "ನಿಮ್ಮ ಬೇಸರ ಅರ್ಥ ಆಗುತ್ತೆ ವರ್ನನ್" ಅಂದ, ಅಷ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈತ ನೆಲವೂ ಡೊಂಕು ಅನ್ನುವುದಿಲ್ಲ, ಕಾಲೂ ಡೊಂಕು ಅನ್ನುವುದಿಲ್ಲ. ಇಂಥವನ ಜೊತೆ ಜಗಳ ಆಡುವುದಾದರೂ ಹೇಗೆ?

ಸೆಪ್ಟೆಂಬರ್ 19, ಗುರುವಾರ

ಊರಲ್ಲಿ ಹೊಸ ಆಟ ಶುರುವಾಗಿದೆ. ಹೆಬ್ಬೆರಳು ತೋರುಬೆರಳ ನಡುವೆ ಚಿಕ್ಕ ಸಂದು ಮಾಡಿ ಆ ಟ್ರೆಹೋ ಹುಡುಗನಿಗೆ ತೋರಿಸುವುದು. ಎರಡು ಇಂಚು. ಪೆಟ್ರೋಲ್ ಬಂಕಿನಲ್ಲಿ, ಶಾಲೆಯ ಬಸ್ಸಿನಿಂದ, ಚರ್ಚಿನ ಮೆಟ್ಟಿಲ ಮೇಲೂ.

ಅವನು ಶಾಲೆ ಮುಗಿದ ಮೇಲೆ ದಿನಸಿ ಅಂಗಡಿಯಲ್ಲಿ ಗಿರಾಕಿಗಳ ಚೀಲ ತುಂಬುತ್ತಾನೆ. ಇವತ್ತು ನಮ್ಮ ಸರದಿ ಬಂದಾಗ ನಾನೂ ಬೆರಳು ತೋರಿಸಿದೆ. ತಮಾಷೆಗೆ.

"ಹೌದು ಸರ್" ಅಂದ. "ಮೊಟ್ಟೆ ಮೇಲಿಡ್ಲಾ, ಬೇರೆ ಚೀಲಕ್ಕೆ ಹಾಕ್ಲಾ?"

ಅರ್ಲೀನ್ ಕಾರಿನಲ್ಲಿ ಮೊಟ್ಟೆಯ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು. ಗೇಟಿನ ಹತ್ತಿರ ಬಂದಾಗ ಹೇಳಿದಳು: "ಆ ಮಗುವಿನ ಕೈ ನೋಡಿದ್ಯಾ? ಮೊಟ್ಟೆನ ಹೇಗೆ ಹಿಡಿದ ಅಂತ ನೋಡಿದ್ಯಾ?"

ನೋಡಿದ್ದೆ. ಎಸೆಯುವ ಕೈ ಅಷ್ಟು ಮೃದು ಇರುತ್ತದೆಂದು ಗೊತ್ತಿರಲಿಲ್ಲ. ಆದರೆ ಅವಳಿಗೆ ಹಾಗೆ ಹೇಳಲಿಲ್ಲ.

ಸೆಪ್ಟೆಂಬರ್ 28, ಶನಿವಾರ

ಸೋಲು. ಸತತ ಐದು. ಬೋರ್ಡು ನೆಡಲು ಡೆಲ್ಮರ್ ಕರೆದ. ಸೊಂಟ ನೋವು ಅಂದೆ. ಗೂಟ ಚೂಪಾಗಿದೆ, ಒಬ್ಬನೇ ನೆಡಬಹುದು ಅಂದೆ.

ಅಕ್ಟೋಬರ್ 5, ಶನಿವಾರ

ಗೆದ್ದೆವು!

ಇದನ್ನು ನಿಧಾನವಾಗಿ ಬರೆಯಬೇಕು. ನಿನ್ನೆ ಉತ್ತರದ ಗಾಳಿ, ಬಾವುಟದ ಕಂಬವೇ ಬಾಗುವಂಥದ್ದು. ಇಂಥ ಗಾಳಿಯಲ್ಲಿ ಯಾರೂ ಎಸೆಯುವುದಿಲ್ಲ. ಕೊನೆಯ ನಿಮಿಷ, ಮೂರು ಅಂಕ ಹಿಂದೆ. ಹುಡುಗ, ಆಬೆಲ್ ಅವನ ಹೆಸರು, ಚೆಂಡು ಹಿಡಿದು ಹಿಂದೆ ಸರಿದ. ಎದುರಾಳಿಯ ಇಬ್ಬರು ದಢೂತಿಗಳು ಅವನ ಮೇಲೆ ಬೀಳುತ್ತಿದ್ದಾರೆ. ಅವನು ಕಾದ. ಇನ್ನೂ ಕಾದ. ಎಸೆದದ್ದು ಎಲ್ಲಿಗೆ? ಮೈದಾನದ ಆಚೆಗೆ, ಜನ ಕೂತಿರುವ ಕಡೆಗೆ! ಹೋಯಿತು ಅಂದುಕೊಂಡೆ. ಆಗ ಗಾಳಿ ಆ ಚೆಂಡನ್ನು ಎತ್ತಿಕೊಂಡು, ತಿರುಗಿಸಿ, ಒಳಗೆ ತಂದು, ಓಡುತ್ತಿದ್ದವನ ಎದೆಗೆ ಇಟ್ಟಿತು. ಗಾಳಿ ಎಷ್ಟು ತಳ್ಳುತ್ತದೆ ಎಂದು ಲೆಕ್ಕ ಹಾಕಿಯೇ ಅವನು ಅತ್ತ ಎಸೆದಿದ್ದ. ಹದಿನೈದು ವರ್ಷ! ದೇವರೇ, ನಾನು ಏನು ನೋಡಿದೆ?

"ಲೋ ವರ್ನ್, ಸರಪಳಿ! ಸರಪಳಿ ಎತ್ತೋ!" ಎಂದು ಡೆಲ್ಮರ್ ಕಿರುಚುವವರೆಗೂ ನಾನು ಮರದ ಹಾಗೆ ನಿಂತಿದ್ದೆನಂತೆ.

ಬಿಪಿ ನೂರ ಮೂವತ್ತೆಂಟು. ಅರ್ಲೀನ್ ಯಂತ್ರ ಕೆಟ್ಟಿದೆಯೇನೋ ಎಂದು ತನ್ನದನ್ನೂ ನೋಡಿಕೊಂಡಳು.

ಅಕ್ಟೋಬರ್ 9, ಬುಧವಾರ

ಒಂದು ಗೆಲುವು ಡೆಲ್ಮರ್‌ನ ಸಿಟ್ಟಿಗೆ ಸಾಲಲಿಲ್ಲ. ಶಾಲಾ ಮಂಡಳಿಯಲ್ಲಿ ನಾವು ಐದು ಜನ, ಅವನೇ ಅಧ್ಯಕ್ಷ. ಬರುವ ಸೋಮವಾರ ತುರ್ತು ಸಭೆ. ಹ್ಯಾಲೊರನ್‌ನನ್ನು ಈಗಲೇ ತೆಗೆಯುವುದು, ಉಳಿದ ಪಂದ್ಯಗಳಿಗೆ ಕೈಲ್‌ನನ್ನು ಆಡಿಸುವುದು. ಇಬ್ಬರು ಅತ್ತ, ಇಬ್ಬರು ಇತ್ತ. ನಾನೇ ತಕ್ಕಡಿಯ ಮುಳ್ಳು.

"ಐದು ಸೋಲಿಗೆ ಒಂದು ಗೆಲುವು. ಇನ್ನೆಷ್ಟು ತಾಳೋದು ಹೇಳು?" ಎಂದ ಡೆಲ್ಮರ್. "ಆಲ್ಡೆನ್ ಫಿಲ್ಮ್ ನೋಡು. ಆ ಎರಡು ನಿಮಿಷ ಸಾಕು, ಅವನ ತಪ್ಪು ಒಂದೊಂದಾಗಿ ಬರಕೊಂಡು ಬಾ. ನಿನ್ನ ಬಾಯಲ್ಲಿ ಬಂದ್ರೆ ಜನ ಕೇಳ್ತಾರೆ."

ಆಗಲಿ ಅಂದೆ. ನಲವತ್ತು ವರ್ಷದ ಗೆಳೆತನ.

ಯಾಕೋ ಇವತ್ತು, ನಾನು ಬೋರ್ ಕೊರೆಯುತ್ತಿದ್ದ ಕಾಲದ ಹಳೆಯದೊಂದು ನೆನಪು. ಒಂದು ಹೊಲದಲ್ಲಿ ಮುನ್ನೂರು ಅಡಿ ಕೊರೆದು, ಇಲ್ಲಿ ನೀರಿಲ್ಲ ಎಂದು ಯಂತ್ರ ಎತ್ತಿಕೊಂಡು ಬಂದಿದ್ದೆ. ಮರು ವರ್ಷ ಇನ್ನೊಬ್ಬ ಅದೇ ಕೊಳವೆಯಲ್ಲಿ ಹನ್ನೆರಡು ಅಡಿ ಕೊರೆದ. ನೀರು ಉಕ್ಕಿತು. ಅದನ್ನು ಅರ್ಲೀನ್‌ಗೂ ಹೇಳಿರಲಿಲ್ಲ. ಇವತ್ತು ಹೇಳಿದೆ.

"ನನಗೆ ಆಗಲೇ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಯಾರೂ ನಿನ್ನ ಹತ್ರ ಅನ್ನಲಿಲ್ಲ ಅಷ್ಟೆ" ಅಂದಳು.

ಅಕ್ಟೋಬರ್ 12, ಶನಿವಾರ

ಶಾಲೆಯ ಕಚೇರಿಯಿಂದ ಫಿಲ್ಮ್ ತಂದು, ಅರ್ಲೀನ್ ಅದನ್ನು ಟಿವಿಗೆ ಹಾಕಿಕೊಟ್ಟಳು. ಪೆನ್ನು ಕಾಗದ ಹಿಡಿದು ಕೂತೆ. "ಒಂದು" ಎಂದು ಬರೆದು ಅಡಿಗೆರೆ ಎಳೆದೆ.

ರಾಶಿ ಬಿಡಿಸಿದರು. ಅಂಪೈರ್ ಕೈ ಮಾಡಿದ. ಛಾವಣಿ ಮೇಲಿನ ಕ್ಯಾಮೆರಾ ಹತ್ತಿರಕ್ಕೆ ಬಂತು. ಹಳದಿ ರೈನ್‌ಕೋಟಿನ ಮುದುಕನೊಬ್ಬ ಮೂವತ್ತೈದರ ಗೆರೆಗೆ ಬಂದು ಬಗ್ಗಿದ. ಮುಖ ನೆಲದ ಕಡೆಗಿಲ್ಲ, ಎತ್ತಲೋ ನೋಡುತ್ತಿದ್ದಾನೆ. ಕೈ ತಾನೇ ಹೋಗಿ ಕ್ಲಿಪ್ ಇಟ್ಟಿತು.

ಮುಂದಿನ ಅಂಚಿನಲ್ಲಿ.

ಹಿಂದಿನ ಅಂಚಿನಲ್ಲಿ ಕಚ್ಚಿಸಿದ್ದ ಕ್ಲಿಪ್ಪನ್ನು ಮುಂದಿನ ಅಂಚಿನಲ್ಲಿ ಇಟ್ಟಿದ್ದೇನೆ. ಬಳಿದ ಬಿಳಿ ಗೆರೆಯ ಅಗಲ ನಾಲ್ಕು ಇಂಚು. ಇಡೀ ಸರಪಳಿ ನಾಲ್ಕು ಇಂಚು ಮುಂದೆ ಹೋಯಿತು. ಚೆಂಡು ಎರಡು ಇಂಚು ಹಿಂದೆ ಬಿದ್ದಂತೆ ಕಂಡಿತು. ನಿಜವಾಗಿ ಅದು ಎರಡು ಇಂಚು ದಾಟಿತ್ತು. ದಾಟಿತ್ತು! ಕೋಚ್ ಸರಿಯಾಗಿದ್ದ. ಹುಡುಗ ಹೇಳಿದ್ದನ್ನು ಮಾಡಿದ್ದ. ಆಲ್ಡೆನ್ನನ್ನು ನಾವು ಸೋಲಿಸಿದ್ದೆವು.

ಹನ್ನೊಂದು ಸಲ ಹಾಕಿಸಿ ನೋಡಿದೆ. ಹನ್ನೊಂದು ಸಲವೂ ಆ ಮುದುಕ ಅದೇ ಕಡೆ ನೋಡಿದ.

ಹನ್ನೆರಡನೆಯ ಸಲ ಇನ್ನೊಂದು ಕಂಡಿತು. ಅಳತೆ ಮುಗಿದ ಮೇಲೆ ಹುಡುಗ ನಿಂತು ನೋಡಿದ್ದು ನನ್ನ ಮುಖವನ್ನಲ್ಲ. ನನ್ನ ಕೈಯನ್ನು.

ಅರ್ಲೀನ್ ಟಿವಿ ಆರಿಸಿದಳು. ನನ್ನ ಕಾಗದದ ಮೇಲೆ "ಒಂದು" ಎಂಬುದು ಬಿಟ್ಟರೆ ಏನೂ ಇರಲಿಲ್ಲ. ಅದನ್ನು ಅವಳೂ ನೋಡಿದಳು. ಚಹಾ ಮಾಡಿಕೊಟ್ಟಳು, ಸಕ್ಕರೆ ಎರಡು ಚಮಚ ಜಾಸ್ತಿ.

ಅಕ್ಟೋಬರ್ 13, ಭಾನುವಾರ

ಚರ್ಚಿಗೆ ಹೋಗಲಿಲ್ಲ. ನಡೆದೇ ಕೋಚ್ ಮನೆಗೆ ಹೋದೆ. ಅಂಗಳದಲ್ಲಿ ಎಲೆ ಗುಡಿಸುತ್ತಿದ್ದ. ಹುಲ್ಲಿನಲ್ಲಿ ನಮ್ಮ ಬೋರ್ಡಿನ ಗೂಟದ ತೂತುಗಳು ಸಾಲಾಗಿದ್ದವು.

"ನಿಮಗೆ ಗೊತ್ತಿತ್ತಾ?" ಅಂದೆ. ಯಾವುದು ಎಂದು ಅವರು ಕೇಳಲಿಲ್ಲ.

"ಮಾರನೆಯ ದಿನ ಬೆಳಗ್ಗೆ ಗೊತ್ತಾಯ್ತು. ಆಬೆಲ್ ಮೈದಾನದಲ್ಲೇ ನೋಡಿದ್ನಂತೆ, ಆದ್ರೆ ಖಾತ್ರಿ ಇರಲಿಲ್ಲ. ಫಿಲ್ಮ್ ನೋಡಿದ್ವಿ. ಇತ್ತು."

"ಮತ್ತೆ ಸೋಮವಾರ ಯಾಕೆ ತೋರಿಸ್ಲಿಲ್ಲ? ಇಡೀ ಊರು ನಿಮ್ಮ ಮುಖಕ್ಕೆ ಉಗೀತಾ ಇತ್ತು. ನಾನೇ ಉಗಿದೆ!"

ಕೋಚ್ ಕಸಬರಿಗೆ ಕೆಳಗಿಟ್ಟರು. "ತೋರಿಸೋಣ ಅಂತಾನೇ ಇದ್ದೆ ವರ್ನನ್. ಸುಳ್ಳು ಹೇಳಲ್ಲ. ಅವನ ಹೆಸರು ಹಾಳಾಗ್ತಿರೋದು, ಅದಕ್ಕೆ ಅವನನ್ನೇ ಕೇಳ್ದೆ. ಏನು ಮಾಡೋಣ ಅಂತ."

"ಏನಂದ?"

"ಮೊದಲನೇ ಪಂದ್ಯದಲ್ಲಿ ನಾನು ಮೂರು ಸಲ ಚೆಂಡು ಬಿಟ್ಟೆ, ಆಗ ನೀವೇನಂದ್ರಿ ಕೋಚ್, ಅಂತ ಕೇಳಿದ. 'ನಾಳೆ ಪ್ರಾಕ್ಟೀಸ್‌ಗೆ ಬಾ' ಅಂದಿದ್ದೆ. 'ಮತ್ತೆ ಆ ಅಜ್ಜನೂ ಮುಂದಿನ ಶುಕ್ರವಾರ ಬರ್ಲಿ. ತೋರಿಸಿದ್ರೆ ಅವರ ಕೈಯಿಂದ ಕ್ಲಿಪ್ ಕಿತ್ಕೊಳ್ತಾರೆ. ಮಳೆ ಬೇರೆ ಇತ್ತು, ಕೈ ನಡುಗಿರುತ್ತೆ' ಅಂದ."

ನಡುಗಿರಲಿಲ್ಲ. ಸಿಟ್ಟಿನಲ್ಲಿ ಎತ್ತಲೋ ನೋಡುತ್ತಿದ್ದೆ. ಅದನ್ನು ಕೋಚ್‌ಗೆ ಹೇಳಿದೆ.

ಅವರಿಬ್ಬರೂ ಫಿಲ್ಮ್ ನೋಡಿದ ಐದನೆಯ ದಿನ ನಾನು ಆ ಹುಡುಗನಿಗೆ ಬೆರಳು ತೋರಿಸಿದ್ದೆ. ಅವನಿಗೆ ಎಲ್ಲ ಗೊತ್ತಿತ್ತು. "ಹೌದು ಸರ್" ಅಂದ. ಮೊಟ್ಟೆ ಒಡೆಯದ ಹಾಗೆ ಮೇಲಿಟ್ಟ.

ಎಪ್ಪತ್ತೆರಡು ವರ್ಷದಲ್ಲಿ ಬಯಲಿನ ಮೇಲೆ ಸುಂಟರಗಾಳಿ ನಡೆದುಹೋಗುವುದನ್ನು ನೋಡಿದ್ದೇನೆ, ನೂರಾರು ಅಡಿ ಆಳದಿಂದ ನೀರು ಮೊದಲ ಸಲ ಬೆಳಕಿಗೆ ಬರುವುದನ್ನು ನೋಡಿದ್ದೇನೆ. ಇಷ್ಟು ದೊಡ್ಡದನ್ನು ನೋಡಿರಲಿಲ್ಲ. ಇದು ನನ್ನ ಕಣ್ಣೆದುರೇ, ದಿನಸಿ ಅಂಗಡಿಯಲ್ಲಿ, ಏಪ್ರನ್ ಕಟ್ಟಿಕೊಂಡು ನಿಂತಿತ್ತು.

ಅಕ್ಟೋಬರ್ 14, ಸೋಮವಾರ

ಸಭೆ. ಊರಿಗೆ ಊರೇ ಬಂದಿತ್ತು. "ವರ್ನ್ ಎಲ್ಲ ಬರಕೊಂಡು ಬಂದಿದ್ದಾನೆ, ಕೇಳಿ" ಎಂದ ಡೆಲ್ಮರ್.

ನಾನು ಬರೆದುಕೊಂಡು ಹೋಗಿರಲಿಲ್ಲ. ಫಿಲ್ಮ್ ಹಾಕಿಸಿದೆ. "ಆ ಹಳದಿ ಕೋಟು ನಾನು. ಆ ಗೆರೆ ನೋಡಿ, ಆ ಕೈ ನೋಡಿ" ಅಂದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಎರಡನೆಯ ಸಲ ಹಾಕಿದಾಗ ಹಿಂದಿನ ಸಾಲಿನಿಂದ ಯಾರೋ "ಅಯ್ಯೋ ದೇವ್ರೇ" ಅಂದರು.

"ಈ ಕೋಚ್‌ಗೂ ಈ ಹುಡುಗನಿಗೂ ಇನ್ನೆಷ್ಟು ತಾಳ್ಮೆ ತೋರಿಸ್ಬೇಕು ಅಂತ ನಾವು ತಿಂಗಳಿಂದ ಮಾತಾಡ್ತಿದ್ದೀವಿ. ಈ ತಿಂಗಳೆಲ್ಲ ಅವರು ನನ್ನನ್ನ ತಾಳಿಕೊಂಡಿದ್ರು. ನನಗೆ ಗೊತ್ತೇ ಇರಲಿಲ್ಲ" ಅಂದೆ. ಇನ್ನೂ ಏನೋ ಹೇಳಬೇಕಿತ್ತು. ಕೂತುಬಿಟ್ಟೆ.

ಮೂರು–ಎರಡು. ಕೋಚ್ ಉಳಿದರು. ಕ್ಲಿಪ್ ತೆಗೆದು ಮೇಜಿನ ಮೇಲಿಟ್ಟು ಬಂದೆ.

ಆಬೆಲ್ ಬಾಗಿಲ ಹತ್ತಿರ ತಂದೆಯ ಪಕ್ಕ ನಿಂತಿದ್ದ. ಅವನ ಮುಖ ನೋಡುವ ಧೈರ್ಯ ಬರಲಿಲ್ಲ.

ಅಕ್ಟೋಬರ್ 15, ಮಂಗಳವಾರ

ಬೆಳಗ್ಗೆ ಎದ್ದು ನೋಡಿದರೆ ನಮ್ಮ ಮನೆಯ ಮುಂದೆಯೇ ಬೋರ್ಡು. "ಈ ಮನೆ ಮಾರಾಟಕ್ಕಿದೆ." ನನ್ನ ಗ್ಯಾರೇಜಿನ ಕೀಲಿ ಎಲ್ಲಿರುತ್ತದೆ ಎಂದು ಗೊತ್ತಿರುವವನು ಡೆಲ್ಮರ್ ಒಬ್ಬನೇ. ಗೂಟ ಚೆನ್ನಾಗಿ ಇಳಿದಿದೆ, ಅಲುಗಾಡುತ್ತಿಲ್ಲ.

"ನನ್ನನ್ನೂ ಸೇರಿಸಿ ಮಾರ್ತೀಯೋ, ಬರೀ ಮನೇನೋ?" ಎಂದು ಅರ್ಲೀನ್ ಕೇಳಿದಳು. ನಾನು ಅದನ್ನು ಕೀಳಲಿಲ್ಲ. ಇರಲಿ.

ಅಕ್ಟೋಬರ್ 17, ಗುರುವಾರ

ದಿನಸಿ ಅಂಗಡಿ. ನನ್ನ ಹಿಂದೆ ನಿಂತಿದ್ದವನು, ನಾನು ಅವನಪ್ಪನಿಗೆ ಬೋರ್ ಕೊರೆದುಕೊಟ್ಟಿದ್ದೆ, ನನ್ನ ಮುಖದ ಮುಂದೆ ಬೆರಳು ತಂದು ಸಂದು ತೋರಿಸಿದ. ಮಾಡಿದ್ದುಣ್ಣೋ ಮಹರಾಯ. "ಹೌದಪ್ಪಾ" ಅಂದೆ. ಹೇಳುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಆ ಹುಡುಗ ಇದನ್ನು ನಾಲ್ಕು ವಾರ ಹೇಳಿದ್ದ.

ಆಬೆಲ್ ಚೀಲ ತುಂಬುತ್ತಿದ್ದ. ಕ್ಷಮೆ ಕೇಳಬೇಕೆಂದು ಮನೆಯಿಂದಲೇ ಮಾತು ಕಟ್ಟಿಕೊಂಡು ಹೋಗಿದ್ದೆ. "ಆಬೆಲ್, ನಾನು..." ಅಂದೆ.

ಅವನು ಏಪ್ರನ್ ಜೇಬಿನಿಂದ ಕ್ಲಿಪ್ ತೆಗೆದು ನನ್ನ ಬ್ರೆಡ್ಡಿನ ಮೇಲಿಟ್ಟ. "ಕೋಚ್ ಕೊಟ್ಟು ಬಾ ಅಂದ್ರು. ನಾಳೆ ಬರ್ತೀರಲ್ವಾ ಸರ್?"

ನಾಳೆ ಆಗಲ್ಲ, ಮುಂದಿನ ವಾರ ಅಂದೆ. ಅವನು ತಲೆಯಾಡಿಸಿದ, ಮುಂದಿನ ವಾರವೂ ಸರಿಯಾದ ದಿನವೇ ಎನ್ನುವ ಹಾಗೆ.

ಅಕ್ಟೋಬರ್ 26, ಶನಿವಾರ

ನಿನ್ನೆ ಕೊನೆಯ ಪಂದ್ಯ. ನಡುವಿನ ಎರಡೂ ಪಂದ್ಯ ಗೆದ್ದಿದ್ದರಿಂದ ಇನ್ನೂ ಆಸೆಯಿತ್ತು: ಗೆದ್ದರೆ ಮುಂದಿನ ಸುತ್ತಿಗೆ, ಸೋತರೆ ಮನೆಗೆ. ನಾನು ಹೋದಾಗ ಡೆಲ್ಮರ್ ಮುಂದಿನ ಕೋಲು ಹಿಡಿದು ನಿಂತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ. ಆದರೆ ಕೈಗವಸು ಮರೆತು ಬಂದಿದ್ದೆ, ತನ್ನ ಎಡಗೈಯದನ್ನು ಕಳಚಿ ನನ್ನ ಕಡೆ ಎಸೆದ.

ಸಂಜೆ ಆಟ ಶುರುವಾಗುವ ಮುಂಚೆ ಕೊಕ್ಕರೆಗಳು ದಕ್ಷಿಣಕ್ಕೆ ಹೋದವು. ಸಾವಿರಾರು, ಸಾಲು ಸಾಲು, ಆಕಾಶದ ತುಂಬ ಅವುಗಳ ಕೂಗು. ಎರಡೂ ತಂಡದ ಹುಡುಗರು ಹೆಲ್ಮೆಟ್ ತೆಗೆದು ಕತ್ತು ಮೇಲೆತ್ತಿ ನಿಂತರು. ನಾನೂ ನಿಂತೆ. ಪ್ರತಿ ವರ್ಷ ಹೋಗುತ್ತವೆ. ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು.

ಕೊನೆಗೆ ಹನ್ನೊಂದು ಸೆಕೆಂಡ್ ಉಳಿಯಿತು. ನಾಲ್ಕು ಅಂಕ ಹಿಂದೆ. ನಾಲ್ಕನೆಯ ಯತ್ನ. ಆಬೆಲ್ ತಾನೇ ನುಗ್ಗಿದ. ರಾಶಿ. ಅಂಪೈರ್ ಗಡಿಯಾರ ನಿಲ್ಲಿಸಿ, ಸರಪಳಿಗೆ ಕೈ ಮಾಡಿದ.

ಹತ್ತು ಗಜ ದಾಟಿದ್ದರೆ ಇನ್ನೊಂದು ಎಸೆತ ಸಿಗುತ್ತದೆ. ಇಲ್ಲದಿದ್ದರೆ ವರ್ಷ ಮುಗಿಯಿತು. ಎರಡು ಸಾವಿರ ಜನ ಎದ್ದು ನಿಂತಿದ್ದಾರೆ. ಇನ್ನೂರು ಗಜ ನಡೆದಂತಾಯಿತು. ನಲವತ್ತರ ಗೆರೆಯ ಬಳಿ ಮಂಡಿಯೂರಿದೆ. ಈ ಸಲ ಕೈ ನಿಜವಾಗಿಯೂ ನಡುಗಿತು. ಕ್ಲಿಪ್ ಗೆರೆಯ ಮೇಲೆ ನಿಲ್ಲಲೇ ಒಲ್ಲದು. ಜನ ಕೂಗುತ್ತಿದ್ದರು, ಕೆಲವರು ನನ್ನ ಹೆಸರು ಹಿಡಿದು.

ಕಣ್ಣ ಮುಂದೆ ಕೆಸರಾದ ಎರಡು ಬೂಟುಗಳು ಬಂದು ನಿಂತವು. ಆಬೆಲ್ ನನ್ನ ಎದುರು ಕುಕ್ಕರುಗಾಲಲ್ಲಿ ಕೂತ. ಕ್ಲಿಪ್ ಮುಟ್ಟಲಿಲ್ಲ.

"ನಿಧಾನ ಸರ್," ಅಂದ. "ಟೈಮಿದೆ."

ಹಿಂದಿನ ಅಂಚು. ಹಿಂದಿನ ಅಂಚಿನಲ್ಲಿ ಇಟ್ಟೆ. ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಬೇರೆ ಎಲ್ಲೂ ನೋಡಲಿಲ್ಲ. ಅವನು ಬಾಗಿ ನೋಡಿ "ಸರಿಯಾಗಿದೆ" ಅಂದ. ಆಚೆ ತುದಿಯಲ್ಲಿ ಡೆಲ್ಮರ್ ಸರಪಳಿ ಎಳೆದ.

ಕಡಿಮೆ ಬಿತ್ತು. ಒಂದು ಇಂಚು. ಈ ಸಲ ನಿಜವಾಗಿಯೂ ಕಡಿಮೆ.

ಆಬೆಲ್ ಸರಪಳಿಯ ತುದಿಯನ್ನು ನೋಡಿದ, ಚೆಂಡನ್ನು ನೋಡಿದ. ಚೆಂಡನ್ನು ಎತ್ತಿ ಒರೆಸಿ ಅಂಪೈರ್‌ಗೆ ಕೊಟ್ಟ. ತಿರುಗಿ ಬಂದು, ನನಗೆ ಏಳಲು ಕೈ ಕೊಟ್ಟ. ಆ ಕೈ ಹಿಡಿದು ಎದ್ದೆ. ಇಬ್ಬರೂ ಅಳುತ್ತಿದ್ದೆವು, ಅವನು ಸೋಲಿಗೆ, ನಾನು ಯಾತಕ್ಕೋ.

ಇವತ್ತು ಬೆಳಗ್ಗೆ ಕೋಚ್ ಮನೆಯ ಮುಂದೆ ಬೋರ್ಡು ಇರಲಿಲ್ಲ. ನಮ್ಮ ಮನೆಯ ಮುಂದೆಯೂ ಇರಲಿಲ್ಲ. ಯಾರೋ ಕಿತ್ತು ಗ್ಯಾರೇಜಿನಲ್ಲಿ ಗೋಡೆಗೆ ಒರಗಿಸಿದ್ದಾರೆ, ಬರಹ ಗೋಡೆಯ ಕಡೆಗೆ. ಡೆಲ್ಮರ್‌ಗೆ ಅವನ ಕೈಗವಸು ಕೊಟ್ಟು ಬರಬೇಕು.

ಆಬೆಲ್‌ಗೆ ಇನ್ನೂ ಎರಡು ವರ್ಷ ಆಟವಿದೆ. ಕೋಚ್ ಇರುತ್ತಾರೆ. ನನಗೆ ಎಷ್ಟಿದೆಯೋ, ಡಾಕ್ಟರನ್ನು ಕೇಳಬೇಕು.

ಗಡಿಯಾರದಲ್ಲಿ ಹನ್ನೊಂದು ಸೆಕೆಂಡ್ ಉಳಿದಿತ್ತು. ಆ ಹುಡುಗ ನನಗೆ ಟೈಮಿದೆ ಅಂದ.